ಹುಣಸೆ ಮರದ ಬುಡದ ಚೇರ್ಮನ್

ಪಾಂಡವಪುರದ ಮಗ್ಗುಲಿನ ನಮ್ಮೂರ ಆಲೆಮನೆಯ ಬೆಲ್ಲದ ಘಮಲಿಗೆ ಕರಿಘಟ್ಟದ ಕೋತಿಗಳೆಲ್ಲ ಬೆಟ್ಟ ಖಾಲಿ ಮಾಡಿಕೊಂಡು ಬಂದಿದ್ದವು. ನಂಬದಿದ್ದರೆ ಕೋತಿಗಳನ್ನೇ ಕೇಳಿ. ಆ ಬೆಲ್ಲದ ಹದ ನೋಡುತ್ತಿದ್ದವನು ನಮ್ಮಕ್ಕನ ಗಂಡ, ಭಾವ ಹೊನ್ನಪ್ಪ. ಪಾಕ ಕುದಿಯುವ ಸದ್ದನ್ನು ಗದ್ದೆ ಆಚೆಯಿಂದಲೇ ಕೇಳಿ "ಇಳಿಸ್ರಲಾ" ಅನ್ನುತ್ತಿದ್ದ. ಇಂಥವನನ್ನು ಸರ್ಕಾರ ಬಿಟ್ಟೀತೆ? ತೊಂಬತ್ನಾಲ್ಕರಲ್ಲಿ ಎತ್ತಿಕೊಂಡು ಹೋಗಿ ತನ್ನ ಗೋಣಿಚೀಲದ ಕಂಪನಿಗೆ ಚೇರ್ಮನ್ ಮಾಡಿತು.

ವರ್ಷ ತುಂಬುವುದರೊಳಗೆ ಕಂಪನಿಯ ನೂಲು ಖರೀದಿಯ ಮೇಲೆ ತನಿಖೆ ಶುರುವಾಯಿತು. ಪೇಪರಿನಲ್ಲಿ ಭಾವನ ಫೋಟೊ ನೋಡುತ್ತಾ ಅಡುಗೆಯವರು ನಿಂತುಬಿಟ್ಟಿದ್ದಕ್ಕೆ ಬೆಳ್ಳೂರು ಕ್ರಾಸಿನ ಹೋಟೆಲುಗಳಲ್ಲಿ ಒಂದು ದೋಸೆಯೂ ಸೀಯದೆ ಉಳಿಯಲಿಲ್ಲ. ಭಾವ ಊರಿಗೆ ಬಂದವನೇ ಮುದ್ದೆ ಮುಂದೆ ಕೂತು ಅಕ್ಕನಿಗೆ ಅಂದ.

"ಒಂದೆಳೆ ನೂಲೂ ಮುಟ್ಟಿಲ್ಲ ಕಣಮ್ಮಿ. ಈಗ ಕುರ್ಚಿ ಬುಟ್ರೆ ತಪ್ಪು ಒಪ್ಕೊಂಡಂಗಾಯ್ತದೆ. ಊರಲ್ಲಿ ನನ್ನ ಯಾರು ನಂಬ್ತಾರೆ?"

ಅಕ್ಕ ಚಿಕ್ಕಬೋರಮ್ಮ ಸಾರು ಬಡಿಸುತ್ತಾ ಕೇಳಿದಳು: "ನಮ್ ಕಬ್ಬು ಆಡ್ಸೋ ದಿನ ಹದ ಯಾರು ನೋಡೋದು?"

"ಮಂಚಯ್ಯ."

"ನೀವೆಲ್ಲಿರ್ತೀರ?"

"ಆಚೆ, ಹುಣಸೆ ಮರದ ಬುಡ್ದಲ್ಲಿ."

"ಯಾಕೆ, ಕಳ್ಳ ಅಂತ ಆಚೆ ಅಟ್ಟವ್ರಾ?"

ಭಾವ ಮುದ್ದೆ ಮುರಿದು ಸಾರಿಗೆ ಅದ್ದಿದ. ಇದು ನಮ್ಮೂರ ಕಟ್ಟಳೆ. ತನ್ನ ಕಬ್ಬಿನ ಹದ ತಾನೇ ನೋಡಕೂಡದು. ಆಸೆಗಣ್ಣಿಗೆ ಎಳೆ ಪಾಕವೂ ಬಲಿತಂತೆ ಕಾಣುತ್ತದೆ. ಬ್ರಹ್ಮನೇ ಗಾಡಿ ಕಟ್ಟಿಕೊಂಡು ಕಬ್ಬು ತಂದರೂ ಹುಣಸೆ ಮರದ ಬುಡಕ್ಕೇ ಹೋಗಿ ಕೂರಬೇಕು.

ಬೆಳಗಾದ ಮೇಲೆ ಭಾವ, ತನಿಖೆ ಮುಗಿಯುವವರೆಗೆ ಕುರ್ಚಿ ಬೇಡ ಎಂದು ಬೆಂಗಳೂರಿಗೆ ಫೋನು ಮಾಡಿ ಸರ್ಕಾರಿ ಕಾರು ವಾಪಸ್ ಕಳಿಸಿದ. ಕಾರು ಶ್ರೀರಂಗಪಟ್ಟಣ ದಾಟುವವರೆಗೂ ಅಳುತ್ತಲೇ ಹೋಯಿತು.

ಆದರೂ ಭಾವ ಆಲೆಮನೆ ಕಡೆ ಮಾತ್ರ ತಲೆ ಹಾಕಲಿಲ್ಲ. "ತನಿಖೇಲಿರೋನ ಕೈಗೆ ಯಾರ್ಲಾ ಕಬ್ಬು ಒಪ್ಪಿಸ್ತಾರೆ?" ಅಂದ. ನಾನೇ ಒಂದು ದಿನ ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಅಂದು ಕೊಪ್ಪರಿಗೆಯಲ್ಲಿದ್ದದ್ದು ಕುಳ್ಳಯ್ಯನ ಕಬ್ಬು. ಕುಳ್ಳಯ್ಯ ಎಂಥವನೆಂದರೆ, ಬೆಲ್ಲ ಮುತ್ತಿದ ಇರುವೆಯ ಬಾಯಿ ಒರೆಸಿ ಕಳಿಸುವವನು. ಹದ ನೋಡಲು ಮಂಚಯ್ಯ ಪಾಕ ತಿರುವುವ ಹುಟ್ಟು ಹಿಡಿದು ನಿಂತೇ ಇದ್ದ. ಕುಳ್ಳಯ್ಯ ಅದನ್ನು ಕಿತ್ತುಕೊಂಡು ಭಾವನ ಕೈಗಿಟ್ಟ.

"ತಗಳಪ್ಪ ಹೊನ್ನಪ್ಪ. ನಂದು ಕಬ್ಬು, ನಾನು ನೋಡಂಗಿಲ್ಲ."

ಹಾಗಂದವನೇ ಹುಣಸೆ ಮರದ ಬುಡಕ್ಕೆ ಹೋಗಿ, ಇತ್ತ ಬೆನ್ನು ಹಾಕಿ ಕೂತು ಬೀಡಿ ಹಚ್ಚಿದ.

ತನಿಖೆ ಇನ್ನೂ ನಡೆಯುತ್ತಲೇ ಇತ್ತು. ಭಾವ ಹೊಗೆಗೆ ಕಣ್ಣೊರೆಸಿಕೊಂಡು, ನೊರೆ ನೋಡುತ್ತಾ ನಿಂತು, ಕೊನೆಗೆ "ಇಳಿಸ್ರಲಾ" ಎಂದು ಕೂಗಿದ. ಆ ಕೂಗಿಗೆ ಕೆ.ಆರ್. ಪೇಟೆಯ ಹೆಂಗಸರೂ ಒಲೆ ಮೇಲಿದ್ದ ಸಾರು ಇಳಿಸಿಬಿಟ್ಟರು.