ಅರಿಷಿಣದ ಕೆಳಗಿನ ಹಳದಿ

ಬೀಗರು ಬರುವ ಹೊತ್ತಾಗಿತ್ತು. ಹೊನವಾಡದ ಮನೆಯ ಪಡಸಾಲೆಯಲ್ಲಿ ಪರಸವ್ವ ಅಂಗೈಯಲ್ಲಿ ಅರಿಷಿಣ ಕಲಸಿಕೊಂಡು ತಮ್ಮನ ಹೆಂಡತಿ ನೀಲಾಬಾಯಿಯ ಎದುರು ಕೂತಿದ್ದಳು.

"ಗಲ್ಲಕ್ಕ ಇನ್ನಷ್ಟು ಹಚ್ಚತೀನಿ, ಅಲ್ಲಾಡಬ್ಯಾಡ. ಯಾರಿಗೂ ಗೊತ್ತಾಗೂದಿಲ್ಲ."

"ಕಣ್ಣಿಗೇನ ಹಚ್ಚತೀರಿ, ಅಕ್ಕಾ?"

"ತಲಿ ಕೆಳಗ ಹಾಕಿ ಕೂಡು. ಹೆಣ್ಣ ಕೊಡೂ ತಾಯಿ ತಲಿ ಎತ್ತಿ ಯಾಕ ನೋಡಬೇಕು?"

ಮನೆಯವರನ್ನೆಲ್ಲ ಅಷ್ಟು ದಿನ ಯಾಮಾರಿಸಿದ್ದೂ ಈ ಅರಿಷಿಣವೇ. ದಿನಾ ಮುಖಕ್ಕೆ ಹಚ್ಚುವ ಹೆಂಗಸು ಹಳದಿಯಾದರೆ ಯಾರು ಗಮನಿಸುತ್ತಾರೆ? "ಬಣ್ಣ ಚಲೋ ಹಿಡದೈತಿ" ಎಂದು ಓಣಿಯ ಹೆಂಗಸರು ಹೊಗಳಿದ್ದರು. ಮೈ ತುರಿಸಿದರೆ ಉಷ್ಣವೆಂದು ಮಜ್ಜಿಗೆ ಕುಡಿಸಿದರು. ಮೂತ್ರ ಕೆಂಪಗಾಗಿ, ಮಲ ಸುಣ್ಣದ ಬಣ್ಣಕ್ಕೆ ತಿರುಗಿದಾಗ ಅದನ್ನು ಹೇಳಿಕೊಳ್ಳಲು ನೀಲಾಬಾಯಿಗೇ ನಾಚಿಕೆ. ಕೊನೆಗೆ ಮಗಳು ಕಾವ್ಯಾ ತಾಯಿಯ ಕಣ್ಣು ನೋಡಿ ಹೌಹಾರಿ, ಹಟ ಹಿಡಿದು ವಿಜಯಪುರದ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಪಿತ್ತನಾಳದ ಕ್ಯಾನ್ಸರ್ ಎಂದರು. ಪಿತ್ತ ಕರುಳಿಗೆ ಇಳಿಯುವ ನಾಳವನ್ನು ಗಂಟೊಂದು ಮುಚ್ಚಿತ್ತು. ದ್ರಾಕ್ಷಿ ತೋಟದ ಡ್ರಿಪ್ ಪೈಪು ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತುವುದನ್ನು ಕಂಡ ನೀಲಾಬಾಯಿಗೆ ಇದು ತಟ್ಟನೆ ತಿಳಿಯಿತು. ಬಾಯಿಯ ಮೂಲಕ ಕೊಳವೆ ಇಳಿಸಿ, ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ನಳಿಕೆ ಕೂರಿಸಿದರು. ತುರಿಕೆ ತಗ್ಗಿತು, ಹಳದಿ ಇಳಿಯತೊಡಗಿತು.

"ಸ್ಟೆಂಟ್ ದಾರಿ ಮಾಡೇತಿ ಅಷ್ಟ, ರೋಗ ತಗದಿಲ್ಲ" ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. "ಇನ್ನೂ ಹಬ್ಬಿಲ್ಲ. ಈಗ ಆಪರೇಶನ್ ಮಾಡಿ ತಗೀಬಹುದು. ದೊಡ್ಡ ಆಪರೇಶನ್, ಖಾತ್ರಿ ಕೊಡಾಕ ಆಗೂದಿಲ್ಲ. ಆದ್ರ ತಡಾ ಮಾಡಿದ್ರ ಇದೂ ಕೈ ತಪ್ಪತೈತಿ. ಸೋಮವಾರ ಬರ್ರಿ."

ಕಾವ್ಯಾಳ ಮದುವೆ ಮುಂದಿನ ತಿಂಗಳೆಂದು ಮಾತಾಗಿತ್ತು. ಮೊದಲು ಅಕ್ಷತೆ, ಆಮೇಲೆ ಆಸ್ಪತ್ರೆ ಎಂಬುದು ಪರಸವ್ವನ ತೀರ್ಮಾನ. 'ಅದರ' ಹೆಸರು ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿಯುತ್ತದೆ; ಆ ಹೆಸರನ್ನು ಅವಳು ಮನೆಯೊಳಗೂ ಎತ್ತಲು ಬಿಡುತ್ತಿರಲಿಲ್ಲ. ನೀಲಾಬಾಯಿಯ ಗಂಡ ಸಿದ್ದರಾಮ ಡಾಕ್ಟರಿಗೂ ಹೂಂ ಅಂದಿದ್ದ, ಅಕ್ಕನಿಗೂ ಹೂಂ ಅಂದಿದ್ದ. ಕಾವ್ಯಾ ಜಗಳಾಡಿ ಸೋತಿದ್ದಳು. ಮಗಳ ಬಾಳು ಎಂದು ನೀಲಾಬಾಯಿಯೂ ಒಪ್ಪಿದ್ದಳು.

ಮಮದಾಪುರದಿಂದ ವರನ ತಾಯಿ ರಾಜೇಶ್ವರಿ ತನ್ನ ಅಣ್ಣನೊಂದಿಗೆ ನಿಶ್ಚಯಕ್ಕೆ ಬಂದಳು. ಕುಂಕುಮ ಹಚ್ಚುವಾಗ ನೀಲಾಬಾಯಿಯ ಕೈ ಹಿಡಿದವಳು ಹುಬ್ಬೇರಿಸಿದಳು.

"ಇದೇನ್ರಿ, ಕೈತುಂಬ ಗೀರು?"

"ಉಷ್ಣ ಆಗೇತ್ರಿ" ಎಂದಳು ಪರಸವ್ವ.

"ಲಗ್ನ ಮುಗೀಲಿ, ಆಮ್ಯಾಲ ತೋರಸ್ತೀವ್ರಿ" ಎಂದು ಸಿದ್ದರಾಮ ದನಿಗೂಡಿಸಿದ.

ಗಂಡನ ಬಾಯಲ್ಲಿ ಆ ಮಾತು ಕೇಳಿ ನೀಲಾಬಾಯಿಗೆ ಎಲ್ಲಿಲ್ಲದ ಸಿಟ್ಟು ಬಂತು. ತನ್ನ ಜೀವ ಇಷ್ಟು ಅಗ್ಗವೇ? ತಲೆ ಎತ್ತಿ ಬೀಗತಿಯನ್ನು ನೇರವಾಗಿ ನೋಡಿದಳು.

"ಉಷ್ಣ ಅಲ್ರಿ. ನನಗ ಪಿತ್ತನಾಳದ ಕ್ಯಾನ್ಸರ್ ಆಗೇತಿ. ಸೋಮವಾರ ಆಪರೇಶನ್ನಿಗೆ ಹೊಂಟೀನಿ. ಲಗ್ನ ಮುಂದ ಹಾಕತೀರಿ ಅಂದ್ರ ಬೀಗರಾಗೂಣು. ಇಲ್ಲಂದ್ರ ಉಂಡು ಹೋಗ್ರಿ."

ರಾಜೇಶ್ವರಿ ಕೈ ಬಿಟ್ಟಳು. "ಮದಲ ಹೇಳಬೇಕಿತ್ತಲ್ರಿ? ನಮಗೂ ಅಂಜಿಕಿ ಇರತೈತಿ. ನಾಳೆ ಮೊಮ್ಮಕ್ಕಳಿಗೆ ಬಂದ್ರ?"

"ಮುಚ್ಚಿಟ್ಟಿದ್ದು ತಪ್ಪ, ಒಪ್ಪತೀನ್ರಿ. ಇದು ಅಂಟೂ ರೋಗ ಅಲ್ಲ. ಮನಿತನದಾಗ ಬರೂದೂ ಭಾಳ ಕಡಿಮಿ ಅಂದಾರ. ಬೇಕಾದ್ರ ನೀವ ಬಂದು ಡಾಕ್ಟರನ್ನ ಕೇಳ್ರಿ."

"ಕೇಳೂದೇನೈತಿ?" ರಾಜೇಶ್ವರಿಯ ಅಣ್ಣ ಎದ್ದು ನಿಂತ. "ಸಾಯಾಕ ಬಿದ್ದಾಕಿ ಮಗಳನ್ನ ನಮ್ಮ ಕೊರಳಿಗೆ ಕಟ್ಟಾಕತ್ತಾರ. ನಡಿ ತಂಗಿ."

ಪರಸವ್ವನ ಬಾಯಿಗೆ ಹೊನವಾಡವೇ ಹೆದರುತ್ತಿತ್ತು. ಆ ಬಾಯಿ ಬೆಳಗಿನಿಂದ ಸಕ್ಕರೆಯಂತಿತ್ತು. ಈಗ ತನ್ನ ರುಚಿಗೆ ಮರಳಿತು.

"ಯಾರ್ರಿ ಸಾಯಾಕ ಬಿದ್ದಾಕಿ? ಬದುಕಾಕ ದವಾಖಾನಿಗೆ ಹೊಂಟಾಳ, ಕಾಣೂದಿಲ್ಲೇನ? ನಮ್ಮ ಹುಡುಗಿಗೆ ನಿಮ್ಮ ಮನೀನ ಬೇಕಂತ ಬರದಿಟ್ಟಿಲ್ಲ!"

ಅವನು ಮೆಟ್ಟಿಲಿಳಿದೇ ಬಿಟ್ಟ. ರಾಜೇಶ್ವರಿ ಬಾಗಿಲಲ್ಲಿ ನಿಂತು, "ಮಗನ್ನ ಕೇಳಿ ಹೇಳತೀನ್ರಿ" ಎಂದು ಹೊರಟಳು. ಕಾವ್ಯಾ ಬಂದು ತಾಯಿಯನ್ನು ಒತ್ತಿಕೊಂಡು ಕೂತಳು.

ಪಕ್ಕದ ಮನೆಯ ಲಕ್ಷ್ಮಿ ಇಣುಕಿದಳು. "ಬೀಗರು ಉಣ್ಣದ ಹೋದ್ರಲ್ಲ, ಏನಾತು?" ಎಂದು ಪಿಸುಗುಟ್ಟಿದಳು.

"ಏನಿಲ್ಲವಾ..." ಎಂದು ಸಿದ್ದರಾಮ ಶುರುಮಾಡಿದ. ಪರಸವ್ವ ಅವನನ್ನು ಸರಿಸಿ ಕಟ್ಟೆಗೆ ಬಂದಳು.

"ನಮ್ಮ ನೀಲಾಗ ಕ್ಯಾನ್ಸರ್ ಆಗೇತಿ!" ಓಣಿಯ ತುದಿಗೂ ಕೇಳುವಂತೆ ಅಂದಳು. "ಸೋಮವಾರ ಆಪರೇಶನ್. ಪಿಸುಪಿಸು ಯಾಕ ಮಾಡ್ತಿ ಲಕ್ಷ್ಮಿ, ಎಲ್ಲಾರಿಗೂ ಹೇಳು."

ಆಮೇಲೆ ತಮ್ಮನತ್ತ ತಿರುಗಿದಳು. "ನೀ ಏನ ನಿಂತು ನೋಡತಿ? ಡಾಕ್ಟರಿಗೆ ಫೋನ್ ಹಚ್ಚು. ಬರತೇವಿ ಅಂತ ಹೇಳು."