ಹೆಡ್ಮಾಸ್ತರರ ಅಳತೆ

ಆ ಬೀದಿಯ ದರ್ಜಿ ಗಿರಾಕಿಯ ಎದುರು ಎಂದೂ ನಿಜ ಹೇಳಿದವನಲ್ಲ. ಮಡಕೆಯಂಥ ಹೊಟ್ಟೆಗೆ ಟೇಪು ಸುತ್ತಿ, "ಒಳ್ಳೇ ಮೈಕಟ್ಟು ಸಾರ್ ನಿಮ್ದು" ಎನ್ನುತ್ತಿದ್ದ. ನಿಜವೇನಿದ್ದರೂ ಅತ್ತಿಗೆಗೆ ಮಾತ್ರ. ಅಂಗಡಿಯಲ್ಲಿ ಅಳತೆ ತೆಗೆಯುವುದು ಅವನು. ಎರಡು ಬೀದಿ ಆಚೆ ಮನೆಯಲ್ಲಿ ಬಟ್ಟೆ ಕತ್ತರಿಸುವುದು ಅತ್ತಿಗೆ. ಮೊದಲೆಲ್ಲ ಚೀಟಿ ಬರೆದು ಕಳಿಸುತ್ತಿದ್ದ. ಅವನ ಅಕ್ಷರವೋ, ಕೋಳಿ ಕೆರೆದ ಹಾಗೆ. ಒಮ್ಮೆ ಮೂವತ್ನಾಲ್ಕನ್ನು ಅತ್ತಿಗೆ ಐವತ್ನಾಲ್ಕು ಎಂದು ಓದಿ, ಇಬ್ಬರು ಆರಾಮವಾಗಿ ಸಂಸಾರ ಮಾಡಬಹುದಾದ ಪ್ಯಾಂಟು ತಯಾರಾದ ಮೇಲೆ ಚೀಟಿ ನಿಂತು, ಮೊಬೈಲಿಗೆ ಮಾತಾಡಿ ಕಳಿಸುವುದು ಶುರುವಾಯಿತು.

ಬಾಯಿಗೆ ಸ್ವಾತಂತ್ರ್ಯ ಸಿಕ್ಕಿದ್ದೇ ತಡ, ಅಳತೆಯ ಜೊತೆ ವಿಮರ್ಶೆಯೂ ಹೋಗತೊಡಗಿತು. ಕತ್ತರಿಗೆ ಅದರಿಂದ ಉಪಯೋಗವೂ ಇತ್ತೆನ್ನಿ.

ಹೆಡ್ಮಾಸ್ತರರು ಕೋಟು, ಪ್ಯಾಂಟು ಹೊಲಿಸಲು ಬಂದದ್ದು ನಿವೃತ್ತಿಗೆ ಹತ್ತು ದಿನ ಇರುವಾಗ. ದರ್ಜಿಯನ್ನು ಏಳನೇ ತರಗತಿಯಲ್ಲಿ ವರ್ಷವಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದ ಪುಣ್ಯಾತ್ಮ ಇವರೇ. ಅವನು ವಿನಯದಿಂದ ಬಗ್ಗಿ ಬಗ್ಗಿ ಅಳೆದ. ಅವರು ಮೆಟ್ಟಿಲಿಳಿದು ಹೋದದ್ದನ್ನು ಖಾತ್ರಿ ಮಾಡಿಕೊಂಡು ಫೋನು ಬಾಯಿಗಿಟ್ಟ.

"ಅತ್ತಿಗೆ, ಹೆಡ್ಮಾಸ್ತರರ ಕೋಟು. ಹೊಟ್ಟೆ ನಲವತ್ತೆರಡು ಅಂತ ಟೇಪು ಹೇಳುತ್ತೆ, ನಂಬಬೇಡಿ. ಉಸಿರು ಬಿಗಿ ಹಿಡ್ಕೊಂಡಿದ್ರು, ಮುಖ ಬದನೇಕಾಯಿ ಬಣ್ಣಕ್ಕೆ ತಿರುಗಿತ್ತು. ನಲವತ್ತೈದು ಕತ್ತರಿಸಿ. ಎಡ ಭುಜ ಮುಕ್ಕಾಲು ಇಂಚು ಕೆಳಗೆ, ತಕ್ಕಡಿ ತರ ನಿಲ್ತಾರೆ. ಹಿಂದುಗಡೆ ಅಂತೂ ಬರೀ ಗೋಡೆ. ಪ್ಯಾಂಟು ನಿಲ್ಲಬೇಕು ಅಂದ್ರೆ ಮೊಳೆ ಹೊಡೀಬೇಕು."

ಕಳಿಸಿದ. ಆಮೇಲೆ ಹೆಸರು ನೋಡಿದ. ಒಂದು ನಿಮಿಷದ ಹಿಂದಷ್ಟೇ "ಶುಕ್ರವಾರಕ್ಕೆ ಸಿಗುವುದೇ?" ಎಂದು ಹೆಡ್ಮಾಸ್ತರರ ಮೆಸೇಜು ಬಂದು, ಅವರು ಫೋನಿನ ಪಟ್ಟಿಯಲ್ಲಿ ಅತ್ತಿಗೆಯ ನೆತ್ತಿಯ ಮೇಲೆ ಕೂತಿದ್ದರು. ಮಾತು ನೆಟ್ಟಗೆ ಅವರಿಗೇ ಹೋಗಿತ್ತು. ಅಳಿಸಲು ಹೋದವನು ಗಾಬರಿಯಲ್ಲಿ 'ನನಗೆ ಮಾತ್ರ ಅಳಿಸು' ಎಂಬುದನ್ನು ಒತ್ತಿದ. ಲೋಕದಲ್ಲಿ ಆ ಮಾತು ಈಗ ಅವನೊಬ್ಬನಿಗೆ ಕೇಳಿಸುವಂತಿರಲಿಲ್ಲ.

"ಎಲ್ಲಾದ್ರೂ ಓಡಿಹೋಗ್ಲಾ ಅತ್ತಿಗೆ?" ಎಂದು ಫೋನು ಮಾಡಿದ.

"ಹೋಗೋದಾದ್ರೆ ಅಳತೆ ಹೇಳಿ ಹೋಗಪ್ಪ, ಬಟ್ಟೆ ಹರಡಿಕೊಂಡು ಕೂತಿದೀನಿ" ಎಂದರು ಅತ್ತಿಗೆ.

ಮರುದಿನ ಬೆಳಿಗ್ಗೆ ಹೆಡ್ಮಾಸ್ತರರು ಮೆಟ್ಟಿಲೇರುವುದು ಕಂಡದ್ದೇ, ಕೆಳಗೆ ಬಿದ್ದ ಅಂಗಿಗುಂಡಿ ಹುಡುಕುವವನಂತೆ ದರ್ಜಿ ಇಸ್ತ್ರಿ ಮೇಜಿನಡಿ ನುಸುಳಿದ. ಅವರು ಫೋನನ್ನು ಮೇಜಿನ ಮೇಲಿಟ್ಟು ಆ ಮಾತನ್ನು ಜೋರಾಗಿ ಹಾಕಿದರು. "ಬರೀ ಗೋಡೆ" ಎಂದು ಅವನದೇ ದನಿ ತಲೆಯ ಮೇಲೆ ಮೊಳಗಿತು.

"ಹೊರಗೆ ಬಾರಯ್ಯ. ಮೊಳೆ ಎಲ್ಲಿ ಹೊಡೀತೀಯ, ತೋರಿಸು."

"ಸಾರ್, ತಪ್ಪಾಯ್ತು ಸಾರ್."

"ಯಾವುದು ತಪ್ಪು? ಭುಜದ್ದಾ?"

ದರ್ಜಿ ತಲೆ ಹೊರಗೆ ಹಾಕಿದ. "ಭುಜದ್ದು... ತಪ್ಪಲ್ಲ ಸಾರ್. ಮುಕ್ಕಾಲು ಇಂಚು ಸರಿಯಾಗೇ ಇದೆ."

ಹೆಡ್ಮಾಸ್ತರರು ಸ್ಟೂಲಿನ ಮೇಲೆ ಕೂತರು. "ಮೂವತ್ತೈದು ವರ್ಷ ಬೋರ್ಡಿನ ಮೇಲೆ ಬರೆಯೋಕೆ ಕೈ ಎತ್ತಿದಾಗೆಲ್ಲ ಕೋಟು ಬಗಲಲ್ಲಿ ಕಚ್ತಿತ್ತು ಕಣಯ್ಯ. ಎಷ್ಟು ಜನ ದರ್ಜಿಗಳು! ಎಲ್ಲರೂ 'ಅದ್ಭುತ ಸಾರ್' ಅನ್ನೋರೇ. ನನ್ನ ತೋಳೇ ಸರಿಯಿಲ್ಲ ಅಂದ್ಕೊಂಡು ಸುಮ್ಮನಿದ್ದೆ." ಎದ್ದು ನಿಂತು ಉಸಿರು ಬಿಟ್ಟರು. ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂತಿತು. "ಈಗ ಅಳಿ."

ನಲವತ್ತೈದೂವರೆ. ಬೆಂಚಿನ ಮೇಲೆ ನಿಂತ ವರ್ಷವನ್ನು ದರ್ಜಿ ಅಲ್ಲೇ ಮಾಫಿ ಮಾಡಿಬಿಟ್ಟ.

ಕೋಟೇನೋ ಚೆನ್ನಾಗಿ ಬಂತು. ಆದರೆ ಹೆಡ್ಮಾಸ್ತರರ ಹೆಂಡತಿ ಆ ಮಾತು ಕೇಳಿ ನಕ್ಕು ನಕ್ಕು ಸುಸ್ತಾಗಿ, ತಂಗಿಯರ ಗುಂಪಿಗೆ ಕಳಿಸಿದ್ದರು. ತಂಗಿಯರು ಬಿಡುತ್ತಾರೆಯೇ? ತಿಂಗಳೊಳಗೆ ಅಂಗಡಿಗೆ ಜನ ಬಂದು ಎದೆ ಸೆಟೆಸಿ ನಿಲ್ಲತೊಡಗಿದರು. ಹಲ್ಲಿನ ಡಾಕ್ಟರಮ್ಮನಂತೂ, "ನನ್ನ ಬಗ್ಗೆಯೂ ಹಾಗೇ ಹೇಳಿ, ಮುಚ್ಚುಮರೆ ಬೇಡ" ಎಂದು ಕೈ ಚಾಚಿ ನಿಂತೇಬಿಟ್ಟರು.

ಎದುರಿಗೆ ನಿಂತವರಿಗೆ ಹೇಳುವುದೆಂದರೆ ದರ್ಜಿಯ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. "ನಿಮ್ಮ ಸೊಂಟ... ಒಳ್ಳೇ ಸೊಂಟ ಮೇಡಂ." ಡಾಕ್ಟರಮ್ಮನ ಮುಖ ಸಪ್ಪಗಾಯಿತು.

ಬೇರೆ ದಾರಿ ಕಾಣದೆ ಅತ್ತಿಗೆಯನ್ನು ಕರೆಸಿದ. ಅವರು ಬಂದು, ಕನ್ನಡಕ ಏರಿಸಿ, ಡಾಕ್ಟರಮ್ಮನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕುತ್ತಿಗೆ ಆಮೆಯದ್ದು, ನಡಿಗೆ ಪೊಲೀಸರದ್ದು. ಕಾಲರು ಬೇಡವೇ ಬೇಡ" ಎಂದು ತೀರ್ಪು ಕೊಟ್ಟರು. ಡಾಕ್ಟರಮ್ಮ ಕಣ್ಣೀರು ಬರುವ ಹಾಗೆ ನಕ್ಕು, ಒಂದರ ಬದಲು ಮೂರು ಹೊಲಿಯಲು ಹೇಳಿ ಹೋದರು.

ಈಗ ಅಂಗಡಿಯಲ್ಲಿ ಟೇಪು ಹಿಡಿದು ಕೂರುವುದು ಅತ್ತಿಗೆ. ದರ್ಜಿ ಮನೆಯಲ್ಲಿ ಬಟ್ಟೆ ಕತ್ತರಿಸುತ್ತಾನೆ. ಹತ್ತು ನಿಮಿಷಕ್ಕೊಮ್ಮೆ ಫೋನು ಕಿಣಿಗುಟ್ಟಿದಾಗ, ಪಕ್ಕದ ಮನೆಯವರಿಗೆ ಕೇಳಿಸದಂತೆ ಕಿಟಕಿ ಮುಚ್ಚಿ ಬಂದು ಕಿವಿಗಿಟ್ಟುಕೊಳ್ಳುತ್ತಾನೆ.