ಮರೂಸಮ್ಮನ ಹನ್ನೊಂದು ಬುಡ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ವೈನಿನಿಂದಲೇ ಶುರು ಮಾಡೋಣ ಅಂದುಕೊಂಡಿದ್ದೆ. ‘ಸ್ಯಾಂಟೊರಿನಿಯ ಬಿಳಿ ವೈನು ನಾಲಿಗೆಗೆ ಮೊದಲು ನಿಂಬೆ, ಆಮೇಲೆ ಉಪ್ಪು’ ಎಂದು ಒಂದು ವಾಕ್ಯ ಬರೆದೂ ಆಗಿತ್ತು. ಗ್ರೀಸಿನ ಈ ದ್ವೀಪದ ಮೆಗಾಲೋಹೋರಿ ಎಂಬ ಊರಿನಲ್ಲಿ ನನಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿರುವ ಮರೂಸಮ್ಮ (ಊರಿಗೆಲ್ಲ ಅವಳು ಮರೂಸಾ, ಹನ್ನೆರಡು ವರ್ಷದಲ್ಲಿ ನನ್ನ ಬಾಯಲ್ಲಿ ಹೀಗಾಗಿದ್ದಾಳೆ) ಅದನ್ನು ಓದಿಸಿಕೊಂಡು ಕೇಳಿದಳು. ಬಾಟಲಿ ಮೇಲೆ ಅಂಟಿಸು, ಹೋಟೆಲಿನವರು ಕುಣಿದಾಡುತ್ತಾರೆ ಅಂದಳು. ಹರಿದು ಹಾಕಿದೆ.

೨

ಸರಿ, ಬಳ್ಳಿಯಿಂದ. ಅಸಿರ್ತಿಕೋ ದ್ರಾಕ್ಷಿಯನ್ನು ಇಲ್ಲಿ ಚಪ್ಪರಕ್ಕೆ ಹತ್ತಿಸುವುದಿಲ್ಲ, ಗಾಳಿ ಬಿಟ್ಟರೆ ತಾನೆ? ವರ್ಷ ವರ್ಷವೂ ಕೊಂಬೆಯನ್ನು ನೆಲದ ಮೇಲೆಯೇ ಸಿಂಬಿಯ ಹಾಗೆ ಸುತ್ತುತ್ತಾ ಹೋಗುತ್ತಾರೆ. ಗೊಂಚಲು ಅದರೊಳಗೆ ತಣ್ಣಗೆ ಕೂತಿರುತ್ತದೆ. ಎಪ್ಪತ್ತೆಂಬತ್ತು ವರ್ಷಕ್ಕೆ ಬಳ್ಳಿ ಸೋತಾಗ ಸಿಂಬಿಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಬುಡವನ್ನು ಜ್ವಾಲಾಮುಖಿಯ ಬೂದಿಮಣ್ಣಿನಲ್ಲಿ ಮುಚ್ಚಿಬಿಡುತ್ತಾರೆ. ಬೇರು ಮುನ್ನೂರು ವರ್ಷದ್ದೋ ನಾನೂರರದ್ದೋ. ವಸಂತಕ್ಕೆ ಅಲ್ಲಿಂದಲೇ ಹೊಸ ಚಿಗುರು ಏಳುತ್ತದೆ. ಕತ್ತರಿಸಿದ ಸಿಂಬಿಗಳಿಗೆ ಬೆಂಕಿ ಕೊಟ್ಟು, ಕುರಿಮಾಂಸ ಸುಟ್ಟು, ನೆಂಟರೆಲ್ಲ ಹೊಲದಲ್ಲೇ ಕೂತು ಉಣ್ಣಬೇಕು. ಬುಡ ಎಲ್ಲಿದೆ ಎಂದು ಗೂಟ ಹೊಡೆಯುವ ಪದ್ಧತಿ ಇಲ್ಲ. ಉಂಡವರಿಗೆಲ್ಲ ಗೊತ್ತಿರುತ್ತದಲ್ಲ.

ಜನವರಿಯಲ್ಲಿ ಮರೂಸಮ್ಮ ಹನ್ನೊಂದು ಬಳ್ಳಿ ಕತ್ತರಿಸಿದಳು. ಅವಳ ಅಜ್ಜಿ ಕೈಯಾರೆ ಸುತ್ತಿದ್ದ ಬಳ್ಳಿಗಳು. ಅಕ್ಕನ ಮಗ ಅರ್ಗಿರಿಸ್ ಬಂದು ಎರಡು ಸಲ ಬಡಿಸಿಕೊಂಡು ತಿಂದ.

೩

(ಇಲ್ಲಿ ನನಗೆ ಸಿಟ್ಟು ಬರುತ್ತದೆ. ಆಧುನಿಕೋತ್ತರ ಕಥೆಗಾರನಿಗೆ ಸಿಟ್ಟು ಬರಬಾರದಂತೆ, ಬರೀ ತಮಾಷೆ ಮಾಡಬೇಕಂತೆ. ಹಾಳಾಗಿ ಹೋಗಲಿ.)

ಫೆಬ್ರವರಿಯ ಶುರುವಿನಲ್ಲಿ ಮರೂಸಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹತ್ತು ದಿನ ಅಥೆನ್ಸಿಗೆ ಹೋದಳು. ಅವಳ ಹೊಲಕ್ಕೆ ತಾಗಿಯೇ ಅರ್ಗಿರಿಸ್‌ನ ಅತಿಥಿಗೃಹವಿದೆ. ವಾಪಸು ಬಂದು ನೋಡಿದರೆ ಹನ್ನೊಂದು ಬುಡವಿದ್ದ ಜಾಗಕ್ಕೆ ಬಿಳಿ ಜಲ್ಲಿ ಸುರಿದು, ರೋಲರ್ ಓಡಿಸಿ, ಕಾರು ನಿಲ್ಲಿಸಲು ಸುಣ್ಣದ ಗೆರೆ ಎಳೆದಿದ್ದ. ಹೊಸ ಕಣ್ಣಿನಲ್ಲಿ ಅವಳು ಮೊದಲು ನೆಟ್ಟಗೆ ನೋಡಿದ್ದೇ ಅದನ್ನು.

“ಅಲ್ಲೇನೂ ಇರ್ಲಿಲ್ವಲ್ಲ ಚಿಕ್ಕಮ್ಮ. ಖಾಲಿ ಬಿದ್ದಿತ್ತು,” ಅಂದ ಅರ್ಗಿರಿಸ್.

“ಖಾಲೀನಾ? ಮತ್ತೆ ನೀನು ಕೂತ್ಕೊಂಡು ಮೂಳೆ ಚೀಪಿದ್ಯಲ್ಲ, ಅದು ಯಾವುದರ ಬೆಂಕೀಲಿ ಬೆಂದಿದ್ದೋ?”

ಅವನು ಮೊಬೈಲ್ ನೋಡಿಕೊಂಡ. ಸೀಸನ್ ಬರುತ್ತಿದೆ, ಬಂದವರ ಕಾರು ತಲೆ ಮೇಲೆ ಹೊತ್ತುಕೊಳ್ಳಲಾ ಅಂದ. ಬೇಕಾದರೆ ಬೇರೆ ಕಡೆ ನರ್ಸರಿಯಿಂದ ಸಸಿ ತಂದು ನೆಟ್ಟುಕೊಡುತ್ತೇನೆ ಅಂದ. ನಾನೂರು ವರ್ಷದ ಬೇರಿಗೆ ನರ್ಸರಿ ಸಸಿ! ಗೊತ್ತಿಲ್ಲದೆ ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಗೊತ್ತಿದ್ದೇ ಮಾಡಿದ್ದಾನೆ ಬಡ್ಡಿಮಗ.

೪

ಅರ್ಗಿರಿಸ್ ಪಾತ್ರ ತೀರಾ ಒರಟಾಯಿತೇನೋ ಅನ್ನಿಸಿ, ಅವನಿಗೊಂದು ಕಷ್ಟದ ಬಾಲ್ಯ ಕೊಟ್ಟು ನೋಡಿದೆ. ಅಪ್ಪ ಹಡಗಿನಲ್ಲಿ, ಮನೆಯಲ್ಲಿ ಒಬ್ಬನೇ ಹುಡುಗ ಇತ್ಯಾದಿ. ಮರೂಸಮ್ಮ ಕೆರಳಿದಳು. ಅವನನ್ನು ಸಾಕಿದವಳು ನಾನು, ಯಾವ ಕಷ್ಟವೂ ಇರಲಿಲ್ಲ, ಇಲ್ಲದ್ದನ್ನು ಹಚ್ಚಬೇಡ ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅದಿರ್ಲಿ. ರೋಲರ್ ಬಂದಾಗ ನೀನೆಲ್ಲಿದ್ದೆ?”

“ಮೇಲೆ, ಕೋಣೇಲಿ.”

“ಸದ್ದು ಕೇಳಿಸ್ಲಿಲ್ವಾ?”

ಕೇಳಿಸಿತ್ತು. ಬರೆಯಲು ತೊಂದರೆ ಎಂದು ಕಿಟಕಿ ಮುಚ್ಚಿಕೊಂಡಿದ್ದೆ. ಜನವರಿಯ ಆ ಊಟಕ್ಕೆ ನಾನೂ ಕೂತಿದ್ದೆ, ಓದುಗರೇ. ಬುಡಗಳು ಎಲ್ಲಿವೆಯೆಂದು ನನಗೂ ಗೊತ್ತಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೫

ಕೊನೆ, ಒಂದನೆಯ ಬಗೆ: ಏಪ್ರಿಲ್‌ನಲ್ಲಿ ಜಲ್ಲಿ ಸರಿಸಿಕೊಂಡು ಹನ್ನೊಂದು ಚಿಗುರು.

ಕೊನೆ, ಎರಡನೆಯ ಬಗೆ: ಒಂದೂ ಬರಲಿಲ್ಲ. ಮರೂಸಮ್ಮ ಸುಣ್ಣದ ಗೆರೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. (ಇದು ನನಗೆ ಬಹಳ ಹಿಡಿಸಿತ್ತು. ನಾಚಿಕೆಯಾಗಬೇಕು ನನಗೆ.)

ಎರಡನ್ನೂ ಓದಿ ಹೇಳಿದೆ.

“ಚಿಗುರಿತು ಅಂತ ಬರೆದ್ರೆ ಓದೋರು ನೆಮ್ಮದಿಯಾಗಿ ಊಟಕ್ಕೇಳ್ತಾರೆ. ಸತ್ತೋಯ್ತು ಅಂದ್ರೆ ಕಣ್ಣೊರೆಸ್ಕೊಂಡು ಊಟಕ್ಕೇಳ್ತಾರೆ. ಅರ್ಗಿರಿಸ್‌ಗೆ ಎರಡೂ ಅನುಕೂಲವೇ. ಇನ್ನೂ ಫೆಬ್ರವರಿ ಕಣಯ್ಯಾ. ನೀನು ಕಥೆ ಮುಗಿಸೋ ಅವಸರಕ್ಕೆ ಬೇರನ್ನ ಯಾಕೆ ಸಾಯಿಸ್ತೀಯ?”

“ಮತ್ತೇನು ಬರೀಲಿ ಅಮ್ಮಾ?”

“ಬುಡ ಎಲ್ಲೆಲ್ಲಿದೆ ಅಂತ ನಾನು ಹೆಜ್ಜೆ ಎಣಿಸ್ತೀನಿ, ನೀನು ಬರ್ಕೋ. ಇನ್ಮೇಲೆ ಯಾರೂ ಖಾಲಿ ಇತ್ತು ಅನ್ನಬಾರದು.”

೬

ಹೊಲದ ಗೋಡೆಯ ಮೂಲೆಯಿಂದ ಸಮುದ್ರದ ಕಡೆಗೆ ನಾಲ್ಕು ಹೆಜ್ಜೆ, ಒಂದನೆಯದು. ಹಾರೆ ಹಾಕಿ ಜಲ್ಲಿ ಬಿಡಿಸಿದೆವು, ಬುಡ ಇದೆ.

ಅಲ್ಲಿಂದ ಎಡಕ್ಕೆ ಮೂರು ಹೆಜ್ಜೆ, ಎರಡನೆಯದು. ರೋಲರ್ ಅದನ್ನು ಸೀಳಿದೆ. ಮರೂಸಮ್ಮ ಅದನ್ನು ಅಂಗೈಯಿಂದ ಒತ್ತಿ ಹಿಡಿದಳು. ಇದನ್ನೂ ಬರಿ ಅಂದಳು.

ಮತ್ತೆ ಎಡಕ್ಕೆ ಎರಡೂವರೆ, ಮೂರನೆಯದು. ಸಮುದ್ರದ ಕಡೆಗೆ ಇನ್ನೂ ನಾಲ್ಕು, ನಾಲ್ಕನೆಯದು. ಅದರ ಬಲಕ್ಕೆ ಮೂರು ಹೆಜ್ಜೆ, ಐದನೆಯದು. ಇನ್ನೂ ಬಲಕ್ಕೆ ಎರಡು, ಆರನೆಯದು.

ಏಳನೆಯದರ ಮೇಲೆ ಅರ್ಗಿರಿಸ್ ತನ್ನ ಕಾರು ನಿಲ್ಲಿಸಿದ್ದಾನೆ. ಮರೂಸಮ್ಮ ಹಾರೆ ಹಿಡಿದುಕೊಂಡು ಅವನ ಬಾಗಿಲ ಕಡೆ ಹೊರಟಿದ್ದಾಳೆ. ಏಳರಿಂದ ಹನ್ನೊಂದರವರೆಗೆ ಬಾಕಿಯಿದೆ. ಇನ್ನೊಂದು ಹಾರೆ ಗೋಡೆಗೆ ಒರಗಿದೆ, ಪೆನ್ನು ಕೆಳಗಿಟ್ಟು ನಾನೂ ಹೋಗಬೇಕು.